ವಿಕಿಯಲ್ಲಿ ಸಿಕ್ಕಿಕೊಂಡ ಕಾಲು

ತರಬೇತಿಗೆ ಹೋಗಿ ಬಂದ ಮೇಷ್ಟರನ್ನು ಸ್ವಲ್ಪ ದಿನ ಯಾರೂ ಮಾತನಾಡಿಸಬಾರದು ಎನ್ನುವುದು ನಮ್ಮ ಮುಖ್ಯೋಪಾಧ್ಯಾಯರ ಸಿದ್ಧಾಂತ. ಅದೊಂದು ಬಗೆಯ ಜ್ವರ. ಔಷಧಿ ಕೊಟ್ಟರೆ ಕೆರಳುತ್ತದೆ, ಸುಮ್ಮನೆ ಬಿಟ್ಟರೆ ತಾನಾಗಿ ಇಳಿಯುತ್ತದೆ ಎನ್ನುತ್ತಾರೆ ಅವರು. ನನ್ನ ಮಟ್ಟಿಗಂತೂ ಈ ಮಾತು ಸುಳ್ಳಲ್ಲ. ಹಳೆಯ ಕಾಲುಚೀಲದಿಂದ ಗೊಂಬೆ ಮಾಡುವ ತರಬೇತಿ ಮುಗಿಸಿ ಬಂದಾಗ ನಮ್ಮ ಮನೆಯಲ್ಲಿ ಹಳೆಯದಿರಲಿ, ಹೊಸ ಕಾಲುಚೀಲವೂ ಉಳಿಯಲಿಲ್ಲ. ನಮ್ಮ ಯಜಮಾನರು ಒಂದು ಮದುವೆಗೆ ಬರಿಗಾಲಿಗೇ ಶೂ ಹಾಕಿಕೊಂಡು ಹೋಗಿ, ಅದನ್ನು ಬಿಚ್ಚಲು ನಾಚಿ, ಊಟದ ಪಂಕ್ತಿಯನ್ನೇ ತಪ್ಪಿಸಿಕೊಂಡು ಬಂದರು. ಅಭಿನಯದ ಮೂಲಕ ವ್ಯಾಕರಣ ಕಲಿಸುವ ತರಬೇತಿಯ ಮಾರನೆಯ ದಿನ ನಾನು ವಿಭಕ್ತಿ ಪ್ರತ್ಯಯಗಳನ್ನು ಕೈಕಾಲು ಆಡಿಸಿ ತೋರಿಸುತ್ತಿದ್ದೆ. ಚತುರ್ಥಿ ದಾಟಿ ಪಂಚಮಿಗೆ ಬರುವಷ್ಟರಲ್ಲಿ, ಕಿಟಕಿಯಾಚೆ ಹೋಗುತ್ತಿದ್ದ ಹೆಂಗಸೊಬ್ಬಳು "ಅಯ್ಯೋ, ಮೇಡಮ್ಮಂಗೆ ಏನೋ ಬಡಕೊಂಡೈತೆ, ನೀರು ತಗಂಬರ್ರೋ" ಎಂದು ಓಡಿ ಬಂದಿದ್ದಳು.

ನಾನು ಕನ್ನಡದ ಮೇಡಂ. ಮನೆ ಕಡೂರಿನಲ್ಲಿ, ಶಾಲೆ ಚೌಳಹಿರಿಯೂರು ದಾಟಿ ಇನ್ನಷ್ಟು ಒಳಗಿರುವ ಒಂದು ಊರಿನಲ್ಲಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು ನನ್ನ ದಿನಚರಿ. ತರೀಕೆರೆಯಲ್ಲಿ ಒಂದು ತರಬೇತಿ ಇದೆ, ಯಾರಾದರೂ ಹೋಗಲೇಬೇಕು ಎಂದು ಆದೇಶ ಬಂದಾಗ ವಿಜ್ಞಾನದ ಮೇಷ್ಟರಿಗೆ ಸೊಂಟ ಹಿಡಿದಿತ್ತು, ಗಣಿತದವರಿಗೆ ನಾದಿನಿಯ ಸೀಮಂತವಿತ್ತು. ಸೊಂಟವೂ ನೆಟ್ಟಗಿದ್ದು ನಾದಿನಿಯೂ ಇಲ್ಲದವಳು ನಾನೊಬ್ಬಳೇ. ವಿಷಯ ಏನೆಂದರೆ 'ತರಗತಿಯಲ್ಲಿ ವಿಕಿ'. ವಿಕಿ ಎಂದರೆ ವಿಕ್ರಮನೆಂಬ ಯಾವನೋ ಹುಡುಗನ ಮುದ್ದಿನ ಹೆಸರು, ಅವನನ್ನು ತರಗತಿಯಲ್ಲಿ ಹದ್ದುಬಸ್ತಿನಲ್ಲಿಡುವುದು ಹೇಗೆ ಎಂದು ಹೇಳಿಕೊಡುತ್ತಾರೆ ಎಂದುಕೊಂಡೇ ಬಸ್ಸು ಹತ್ತಿದ್ದೆ.

ತರಬೇತಿ ಕೊಡುತ್ತಿದ್ದವನು ಚೂಟಿ ಹುಡುಗ. ಗೋಡೆಯ ಮೇಲೆ ಒಂದು ಖಾಲಿ ಪುಟ ಮೂಡಿಸಿ, "ನೋಡಿ, ಇದು ಯಾರೋ ಒಬ್ಬರ ಪುಟ ಅಲ್ಲ. ಎಲ್ಲರೂ ಬರೀಬಹುದು, ಎಲ್ಲರೂ ತಿದ್ದಬಹುದು" ಎಂದ. "ಬಸ್ ಸ್ಟ್ಯಾಂಡಿನ ಗೋಡೆ ಇದ್ದ ಹಾಗೆ" ಎಂದೆ ನಾನು. ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. "ಅಲ್ಲ ಮೇಡಂ, ಗೋಡೆ ಮೇಲೆ ಯಾರು ಬರೆದ್ರು ಅಂತ ಗೊತ್ತಾಗಲ್ಲ, ಇಲ್ಲಿ ಗೊತ್ತಾಗುತ್ತೆ. ಗೋಡೆಗೆ ಆಧಾರ ಬೇಕಿಲ್ಲ, ಇಲ್ಲಿ ಪ್ರತಿ ಮಾತಿಗೂ ಆಧಾರ ಬೇಕು" ಎಂದು ಪುಟದ ನೆತ್ತಿಯ ಮೇಲಿದ್ದ ಗುಂಡಿಗಳನ್ನು ತೋರಿಸಿದ. 'ಸಂಪಾದಿಸಿ' ಎಂಬುದನ್ನು ಒತ್ತಿದರೆ ಇದ್ದದ್ದನ್ನು ತಿದ್ದಬಹುದು. 'ಇತಿಹಾಸ' ಒತ್ತಿದರೆ ಯಾರು ಯಾವಾಗ ಏನು ತಿದ್ದಿದರು ಎಂಬುದೆಲ್ಲ ಬಯಲಾಗುತ್ತದೆ. 'ಚರ್ಚೆ' ಒತ್ತಿದರೆ ಪುಟದ ಹಿತ್ತಿಲಿಗೆ ಹೋಗುತ್ತೇವೆ. ಜಗಳವೇನಿದ್ದರೂ ಅಲ್ಲಿ ಆಡಿಕೊಳ್ಳಬೇಕು, ಮುಂಬಾಗಿಲಲ್ಲಿ ಅಲ್ಲ. ನನಗೆ ತುಂಬ ಹಿಡಿಸಿತು. ಹಿಡಿಸಿತು ಎನ್ನುವುದಕ್ಕಿಂತ ಜ್ವರ ಏರಿತು ಎನ್ನುವುದೇ ಸರಿ.

ಸಂಜೆ ಮನೆಗೆ ಬಂದವಳೇ ಯಜಮಾನರಿಗೆ ಮೊಬೈಲಿನಲ್ಲಿ ಎಲ್ಲ ತೋರಿಸಿದೆ. ಅವರು ಕಡೂರಿನಲ್ಲಿ ಕೊಬ್ಬರಿ ವ್ಯಾಪಾರದವರು, ಗುಂಡಿ ಎಂದರೆ ಲಾಭ ನಷ್ಟ ಯೋಚಿಸುವವರು. ಕನ್ನಡಕ ಏರಿಸಿ ನೋಡಿ, "ಸಂಪಾದಿಸಿ ಅಂತ ಬರೆದೈತಲ್ಲೇ, ಒತ್ತಿದ್ರೆ ಎಷ್ಟು ಬತ್ತದೆ?" ಎಂದರು. ಇದು ಆ ಸಂಪಾದನೆಯಲ್ಲ, ಬರಹ ತಿದ್ದುವುದಕ್ಕೂ ಹಾಗೇ ಅನ್ನುತ್ತಾರೆ ಎಂದು ವಿವರಿಸಿದೆ. "ಮೇಷ್ಟ್ರ ಸಂಪಾದನೆ ಅಂತ ಹೇಳು ಮತ್ತೆ" ಎಂದು ಮೊಬೈಲ್ ವಾಪಸ್ಸು ಕೊಟ್ಟರು.

ಇನ್ನು ನಮ್ಮ ಶಾಲೆಯ ಕಂಪ್ಯೂಟರುಗಳು. ಅವು ಹೊಸ ಮದುವಣಗಿತ್ತಿಯರ ಹಾಗೆ ಮುಸುಕು ಹಾಕಿಕೊಂಡೇ ಕಾಲ ಕಳೆದಿದ್ದವು. ಧೂಳು ಬಿದ್ದೀತೆಂದು ಮುಸುಕು, ಮುಸುಕು ಕೊಳೆಯಾದೀತೆಂದು ಕೋಣೆಗೆ ಬೀಗ, ಬೀಗದಕೈ ಕಳೆದೀತೆಂದು ಅದು ಮುಖ್ಯೋಪಾಧ್ಯಾಯರ ಉಡಿದಾರದಲ್ಲಿ. "ಮಕ್ಕಳು ಮುಟ್ಟಿ ಹಾಳಾದ್ರೆ ಮೇಲಿನೋರಿಗೆ ನಾನು ಉತ್ತರ ಕೊಡ್ಬೇಕು ಮೇಡಂ" ಎಂದರು ಅವರು. "ಮುಟ್ಟದೇ ಹಾಳಾದ್ರೆ ಸಾರ್?" ಎಂದೆ. "ಅದನ್ನ ಯಾರೂ ಕೇಳಲ್ಲ" ಎಂದರು. ಆದರೂ ಒಳ್ಳೆಯ ಮನುಷ್ಯ. ನನ್ನ ಜ್ವರ ಇಳಿಯುವ ಲಕ್ಷಣ ಕಾಣದಿದ್ದಾಗ, ಒಂಬತ್ತನೇ ತರಗತಿಗೆ ಮಾತ್ರ, ಏನಾದರೂ ಗಲಾಟೆಯಾದರೆ ಮುಚ್ಚಿಬಿಡಬೇಕು ಎಂಬ ಕರಾರಿನ ಮೇಲೆ ಉಡಿದಾರ ಸಡಿಲಿಸಿದರು. ಹಾಗೆ ನಮ್ಮ ಶಾಲೆಯ ಪುಟ್ಟ ವಿಕಿ ಶುರುವಾಯಿತು. ಪ್ರತಿ ಮಗುವಿಗೂ ಅದರೊಳಗೆ ಒಂದೊಂದು ಹೆಸರು, ಒಂದೊಂದು ಗುಪ್ತಪದ.

ಮೊದಲ ಪುಟ 'ನಮ್ಮ ಊರು'. ಮಕ್ಕಳು ಪ್ರಬಂಧದ ಗೈಡುಗಳನ್ನು ಓದಿ ಬೆಳೆದವರು. ಅವರಿಗೆ ಊರು ಎಂದರೆ ಅದು ಪ್ರಕೃತಿಯ ಮಡಿಲಲ್ಲೇ ಇರಬೇಕು. ಒಬ್ಬನಂತೂ ಊರೆಂದ ಮೇಲೆ ಒಂದು ಜಲಪಾತ ಬೇಡವೇ ಎಂದು 'ನಮ್ಮ ಊರಿನಲ್ಲಿ ಹೆಬ್ಬೆ ಜಲಪಾತವು ಧುಮ್ಮಿಕ್ಕುತ್ತದೆ' ಎಂದು ಬರೆದುಬಿಟ್ಟ. ನಲ್ಲಿಯಲ್ಲೇ ನೀರು ಧುಮ್ಮಿಕ್ಕದ ಊರು ನಮ್ಮದು. ಮಾರನೆಯ ದಿನ ಯಾರೋ ಅದನ್ನು ಅಳಿಸಿ, ಚರ್ಚೆಯ ಪುಟದಲ್ಲಿ 'ಹೆಬ್ಬೆ ಕೆಮ್ಮಣ್ಣುಗುಂಡಿ ಹತ್ರ ಇದೆ. ನಮ್ಮ ಊರಲ್ಲಿ ಹುಡುಕಿದೆ, ಸಿಗಲಿಲ್ಲ' ಎಂದು ಕಾರಣ ಕೊಟ್ಟಿದ್ದರು. 'ಊರಿನ ಜನರೆಲ್ಲರೂ ಅನ್ಯೋನ್ಯವಾಗಿ ಬಾಳುತ್ತಾರೆ' ಎಂಬ ವಾಕ್ಯದ ಪಕ್ಕ ಭೂಮಿಕ ಎಂಬ ಹುಡುಗಿ 'ಉಲ್ಲೇಖ ಬೇಕು' ಎಂದು ಚುಚ್ಚಿದ್ದಳು. ನಾನು ಅಷ್ಟು ವರ್ಷದಿಂದ ಆ ವಾಕ್ಯಕ್ಕೆ ಕಣ್ಣು ಮುಚ್ಚಿಕೊಂಡು ಅಂಕ ಕೊಟ್ಟುಕೊಂಡು ಬಂದವಳು. ಹಾಗೆ ಕೇಳಬಹುದು ಎಂದು ನನಗೇ ಹೊಳೆದಿರಲಿಲ್ಲ. ಮಕ್ಕಳು ಮನೆಮನೆಗೆ ಹೋಗಿ ಆಧಾರ ಹುಡುಕತೊಡಗಿದರು. ಕೆರೆ ಕೋಡಿಯ ಬಗ್ಗೆ, ಗರಡಿಮನೆಯ ಬಗ್ಗೆ, ಮೊದಲು ಕರೆಂಟು ಬಂದ ಮನೆಯ ಬಗ್ಗೆ ಒಂದೊಂದೇ ಸಾಲು ಸೇರುತ್ತ ಹೋಯಿತು. ನಾನು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿರುತ್ತಿದ್ದೆ.

ಆಮೇಲೆ 'ಕ್ರೀಡೆ' ಎಂಬ ತಲೆಬರಹ ಬಂತು. ಅದರ ಕೆಳಗೆ ಸಿಂಚನ ಎಂಬ ಹುಡುಗಿ ಬರೆದಳು: 'ಅಜ್ಜಂಪುರದಲ್ಲಿ ನಡೆದ ಕಬಡ್ಡಿ ಪಂದ್ಯದಲ್ಲಿ ನಮ್ಮ ಊರಿನ ತಂಡವು ತರೀಕೆರೆ ತಂಡವನ್ನು ಸೋಲಿಸಿ ಶೀಲ್ಡ್ ಗೆದ್ದಿತು. ಕೊನೆಯ ರೈಡಿನಲ್ಲಿ ಎದುರಾಳಿಯ ಕಾಲು ಹಿಡಿದು ಗೆಲ್ಲಿಸಿದವರು ಶ್ರೀ ರುದ್ರಣ್ಣನವರು.' ರುದ್ರಣ್ಣನವರು ಸಿಂಚನಳ ಅಜ್ಜ. ಮಾರನೆಯ ದಿನ ನೋಡಿದರೆ ಅದೇ ಸಾಲಿನಲ್ಲಿ ಕಾಲು ಅದೇ, ಕೈ ಬೇರೆ: 'ಗೆಲ್ಲಿಸಿದವರು ಶ್ರೀ ಹನುಮಂತಪ್ಪನವರು.' ಹನುಮಂತಪ್ಪನವರು ಭೂಮಿಕಳ ಅಜ್ಜ. ಮಧ್ಯಾಹ್ನಕ್ಕೆ ಮತ್ತೆ ರುದ್ರಣ್ಣ. ಸಂಜೆ ಬಸ್ಸಿಗೆ ಮುಂಚೆ ಹನುಮಂತಪ್ಪ. ಇತಿಹಾಸದ ಗುಂಡಿ ಒತ್ತಿದರೆ ಪುಟದ ತುಂಬ ಸಿಂಚನ, ಭೂಮಿಕ, ಸಿಂಚನ, ಭೂಮಿಕ ಎಂದು ಕಬಡ್ಡಿ ಕಬಡ್ಡಿ ಎಂದಂತೆಯೇ ಇತ್ತು.

ನಾನು ಹೊರ ಊರಿನವಳು, ಹಿಂದಿನ ಕಥೆ ಗೊತ್ತಿರಲಿಲ್ಲ. ಬಿಸಿಯೂಟದ ಅಡುಗೆಯವರು ಹೇಳಿದರು. ರುದ್ರಣ್ಣ, ಹನುಮಂತಪ್ಪ ಇಬ್ಬರೂ ಮೀಸೆ ಚಿಗುರುವ ಮೊದಲಿನಿಂದ ಒಂದೇ ತಟ್ಟೆಯ ಗೆಳೆಯರಂತೆ. ಆ ಪಂದ್ಯ ಗೆದ್ದ ದಿನ, ಕಾಲು ಹಿಡಿದವನಿಗೆ ಹಾಕಲೆಂದು ಯಾರೋ ಒಂದು ಹಾರ ತಂದಿದ್ದರು. ಒಂದೇ ಹಾರ. ವೇದಿಕೆಗೆ ಹತ್ತಿರ ನಿಂತಿದ್ದವರು ರುದ್ರಣ್ಣ. ಅದು ಅವರ ಕೊರಳಿಗೆ ಬಿತ್ತು. ಹಿಡಿದದ್ದು ನಾನು ಎಂದರು ಹನುಮಂತಪ್ಪ. ಹಾರ ಸಂಜೆಗೇ ಬಾಡಿತು, ಮುನಿಸು ಬಾಡಲಿಲ್ಲ. ಅಂದಿನಿಂದ ಇಬ್ಬರೂ ಮಾತು ಬಿಟ್ಟವರು ಇಂದಿಗೂ ಆಡಿಲ್ಲ. ಟೀ ಅಂಗಡಿಯಲ್ಲಿ ಒಬ್ಬರು ಒಳಗಿನ ಬೆಂಚು, ಒಬ್ಬರು ಹೊರಗಿನ ಬೆಂಚು. ಡೈರಿಯ ಸಭೆಯಲ್ಲಿ ಹೇಳಲೇಬೇಕಾದ್ದಿದ್ದರೆ "ಆ ಕಡೆಯೋರಿಗೆ ಹೇಳ್ರಪ್ಪಾ" ಎಂದು ಕಂಬಕ್ಕೆ ಹೇಳುತ್ತಾರೆ. ಮೊಮ್ಮಕ್ಕಳು ಮಾತ್ರ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು, ಒಂದೇ ಡಬ್ಬಿಯ ಉಪ್ಪಿನಕಾಯಿ ನೆಕ್ಕಿ, ಊರ ಹೆಬ್ಬಾಗಿಲು ಬಂದ ಕೂಡಲೇ ಗುರುತಿಲ್ಲದವರ ಹಾಗೆ ಬೇರೆಬೇರೆ ದಾರಿ ಹಿಡಿಯುತ್ತಿದ್ದರು. ಇಷ್ಟು ಜಾಣತನದಿಂದ ಅವರು ಕಾಪಾಡಿಕೊಂಡು ಬಂದಿದ್ದ ಸ್ನೇಹ ಅದು.

ಅದನ್ನು ನನ್ನ ವಿಕಿ ಒಡೆಯಿತು. ಒಂದು ಬೆಳಿಗ್ಗೆ ತರಗತಿಗೆ ಹೋದರೆ ಸಿಂಚನ ಕಿಟಕಿಯ ಪಕ್ಕದ ಬೆಂಚಿಗೆ ಹೋಗಿ ಕೂತಿದ್ದಾಳೆ. ಭೂಮಿಕಳ ಕಣ್ಣು ಕೆಂಪಗಿದೆ. ಏನೆಂದು ಕೇಳಿದರೆ, "ಅವಳು ನಮ್ಮಜ್ಜನ್ನ ಸುಳ್ಳ ಅಂದ್ಲು ಮಿಸ್" ಎಂದು ಒಬ್ಬಳು. "ಅವಳೇ ಫಸ್ಟು ಅಳಿಸಿದ್ದು ಮಿಸ್" ಎಂದು ಇನ್ನೊಬ್ಬಳು. ಪಾಠ ಮಾಡಲು ಮನಸ್ಸು ಬರಲಿಲ್ಲ. ಅಜ್ಜಂದಿರ ಬೆಂಚಿನ ಜಗಳವನ್ನು ನಾನು ಕರೆಂಟು ಕೊಟ್ಟು, ಮೌಸು ಹಿಡಿಸಿ, ಮೊಮ್ಮಕ್ಕಳ ಬೆಂಚಿಗೆ ತಂದು ಹಾಕಿದ್ದೆ. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, "ನಾನು ಹೇಳಿರ್ಲಿಲ್ವ ಮೇಡಂ? ಗಲಾಟೆ ಆದ್ರೆ ಮುಚ್ಚೋದು ಅಂತ ಕರಾರು" ಎಂದು ಉಡಿದಾರ ಮುಟ್ಟಿ ನೋಡಿಕೊಂಡರು. ಮುಚ್ಚಿದರೆ ಜಗಳ ಹಾಗೇ ಉಳಿಯುತ್ತದೆ, ಒಂದು ಸಲ ಹಿರಿಯರನ್ನೇ ಕರೆಸಿ ಚರ್ಚೆಯ ಪುಟದಲ್ಲಿ ಹೇಳಿಕೆ ಬರೆಸೋಣ ಎಂದು ಬೇಡಿಕೊಂಡೆ. "ಅವರಿಬ್ರೂ ಒಂದೇ ಕೋಣೇಲಿ? ನಾನಂತೂ ಬಾಗಿಲ ಹತ್ರಾನೇ ನಿಂತಿರ್ತೀನಿ" ಎಂದರು.

ಇಬ್ಬರೂ ಬಂದರು, ಗರಿಗರಿ ಬಿಳಿ ಪಂಚೆ ಉಟ್ಟು. ರುದ್ರಣ್ಣ ಕೊಬ್ಬರಿ ಮಂಡಿಯವರು, ಎತ್ತರದ ಆಳು, ಹಣೆ ತುಂಬ ವಿಭೂತಿ. ಹನುಮಂತಪ್ಪ ಬೇಸಾಯಗಾರರು, ಕುಳ್ಳಗೆ, ಗಟ್ಟಿಮುಟ್ಟು. ಅಕ್ಕಪಕ್ಕದ ಎರಡು ಕಂಪ್ಯೂಟರುಗಳ ಮುಂದೆ ಕೂತರು. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ. ಮೊಮ್ಮಕ್ಕಳು ಬೆರಳು ಸಿದ್ಧ ಮಾಡಿಕೊಂಡರು. ರುದ್ರಣ್ಣ ಗಂಟಲು ಸರಿಮಾಡಿಕೊಂಡು, "ಬರಿ ತಾಯಿ. ಅವನು ನುಗ್ಗಿದ. ನಾನು ಗಬಕ್ಕನೆ ಕಾಲು ಹಿಡಿದೆ" ಎಂದರು. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಹನುಮಂತಪ್ಪನವರಿಗೂ ಕೇಳಿಸಿತು, ಅವರ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಆದರೆ ಮಾತು ಬಿಟ್ಟವರ ಮಾತಿಗೆ ಸಿಟ್ಟಾಗುವ ಹಾಗಿಲ್ಲವಲ್ಲ. ತಾರಸಿ ನೋಡುತ್ತ ತಡೆದುಕೊಂಡರು. "ಬಂತು ಅಜ್ಜ" ಎಂದು ಭೂಮಿಕ ಪರದೆ ತೋರಿಸಿದ ಮೇಲೆ ಓದಿಕೊಂಡು, ಆಮೇಲೆ ಸಿಟ್ಟಾದರು. "ಏನು? ಗಬಕ್ಕನೆ ಅಂತಾ? ಬರಿಯವ್ವ: ಆ ಟೈಮಲ್ಲಿ ಆ ಕಡೆಯೋರು ಗೆರೆ ಹತ್ರ ಕೂತ್ಕಂಡು ಕಾಲಿನ ಮುಳ್ಳು ತೆಗೀತಿದ್ರು."

ಈಗ ರುದ್ರಣ್ಣನವರ ಸರದಿ. ಅವರೂ ಕೇಳಿಸದವರಂತೆ ಮೀಸೆ ನೇವರಿಸುತ್ತ ಕಾದರು. "ಬಂತಜ್ಜ" ಎಂದಳು ಸಿಂಚನ. ಓದುತ್ತ ಓದುತ್ತ ಅವರ ಮೀಸೆ ನಡುಗತೊಡಗಿತು. ಹೇಳಿ ಬರೆಸುವಷ್ಟು ತಾಳ್ಮೆ ಉಳಿಯಲಿಲ್ಲ. ಕುರ್ಚಿಯನ್ನು ಸರಕ್ಕನೆ ತಿರುಗಿಸಿ, "ಲೇ ಹನ್ಮಾ, ಮುಳ್ಳು ತೆಗಿಯಾಕೆ ಅದೇನು ನಿಮ್ಮಪ್ಪನ ಹೊಲ ಏನಲೇ?" ಎಂದುಬಿಟ್ಟರು.

ಅಷ್ಟು ವರ್ಷಗಳ ನಂತರ ಬಿದ್ದ ಮೊದಲ ಮಾತು ಅದು. ಆಡಿದವರಿಗೇ ಗಾಬರಿಯಾಗಿ, ಬಾಯಿಗೆ ಟವೆಲ್ಲು ಒತ್ತಿಕೊಂಡು ಎದ್ದರು. ಹನುಮಂತಪ್ಪನವರೂ ಎದ್ದರು. ಕೋಣೆಗಿರುವುದು ಒಂದೇ ಬಾಗಿಲು. ಯಾರ ಹಿಂದೆ ಯಾರು ಹೋಗಬೇಕು ಎಂಬ ಪ್ರಶ್ನೆಯಲ್ಲಿ ಇಬ್ಬರೂ ಸಿಕ್ಕಿಕೊಂಡು ನಿಂತರು. ನಾನು ಏನು ಮಾಡಲೂ ತೋಚದೆ ಟೀ ತರಿಸಿದೆ. ಟೀ ಕುಡಿದು, ಒಬ್ಬರು ಹೋಗಿ ಸಾಕಷ್ಟು ಹೊತ್ತಾದ ಮೇಲೆ ಇನ್ನೊಬ್ಬರು ಹೋದರು. ಹುಡುಗಿಯರು ಒಬ್ಬರನ್ನೊಬ್ಬರು ನೋಡದೆ ಕಂಪ್ಯೂಟರಿಗೆ ಮುಸುಕು ಹಾಕಿದರು. ನನ್ನ ಜ್ವರ ಅವತ್ತು ಪೂರ್ತಿ ಇಳಿಯಿತು.

ಬಾಗಿಲಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯರು ಮಾತ್ರ ಏನೋ ಯೋಚಿಸುತ್ತಿದ್ದರು. ಬೀಗ ಹಾಕಲು ಬರುತ್ತಾರೆ ಎಂದುಕೊಂಡರೆ, "ಅಲ್ರೀ ಮೇಡಂ, ಹಿಡಿದೋರನ್ನೇ ಕೇಳ್ತಾ ಕೂತಿದೀರಲ್ಲ, ಹಿಡಿಸ್ಕೊಂಡೋನು ಯಾರು?" ಎಂದರು. "ಗಾಳಿ ಗೋವಿಂದ ಅಂತೆ ಸಾರ್. ಗಾಳಿ ಥರ ಬಂದು ಹೋಗ್ತಿದ್ರಂತೆ" ಎಂದಳು ಭೂಮಿಕ. ಮುಖ್ಯೋಪಾಧ್ಯಾಯರು ಹಣೆ ಚಚ್ಚಿಕೊಂಡರು. "ತರೀಕೆರೆ ಗೋವಿಂದಪ್ಪನಾ? ನಮ್ಮತ್ತೆ ಮನೆ ಬೀದೀಲಿ ಟೈಲರ್ ಕಣಮ್ಮ! ನನ್ನ ಮದುವೆ ಪ್ಯಾಂಟು ಹೊಲಿದೋನು ಅವನೇ." ತಮ್ಮ ಕರಾರು, ಬೀಗ, ಮೇಲಿನವರು ಎಲ್ಲವನ್ನೂ ಮರೆತು, "ಹೋಗ್ಬನ್ನಿ ಮೇಡಂ. ಕಾಲನ್ನೇ ಕೇಳಿಬಿಡಿ" ಎಂದು ವಿಳಾಸ ಹೇಳಿದರು. ಅವರಿಗೂ ಜ್ವರ ಹತ್ತಿತ್ತು.

ಭಾನುವಾರ ಹುಡುಗಿಯರ ತಾಯಂದಿರ ಒಪ್ಪಿಗೆ ಪಡೆದು ಇಬ್ಬರನ್ನೂ ಕರೆದುಕೊಂಡು ಹೊರಟೆ. ಕಡೂರಿನಿಂದ ತರೀಕೆರೆಯವರೆಗೆ ನಾನು ನಡುವೆ, ಅವರು ಆಚೆ ಈಚೆ. ಎರಡು ದೇಶಗಳ ನಡುವಿನ ಬೇಲಿಯಂತೆ ಕೂತಿದ್ದೆ. ಕಡಲೆಕಾಯಿ ಕೊಂಡು ಒಬ್ಬಳಿಗೆ ಕೊಟ್ಟರೆ ಇನ್ನೊಬ್ಬಳಿಗೆ ಬೇಡ. ಗೋವಿಂದಪ್ಪನವರ ಅಂಗಡಿ ಸಿಕ್ಕಿತು. ಗಾಳಿ ಎಂಬ ಹೆಸರಿಗೆ ಈಗ ಅವರಲ್ಲಿ ಉಳಿದದ್ದು ಹೊಟ್ಟೆಯಲ್ಲಿ ತುಂಬಿಕೊಂಡಂತಿದ್ದದ್ದು ಮಾತ್ರ. ಕೊರಳಿಗೆ ಅಳತೆಯ ಟೇಪು, ಸುತ್ತ ಶಾಲಾ ಸಮವಸ್ತ್ರದ ರಾಶಿ. ವಿಷಯ ಹೇಳಿದಾಗ ಮೆಷಿನ್ನಿನ ಚಕ್ರವನ್ನು ಅಂಗೈಯಲ್ಲಿ ತಡೆದು ನಿಲ್ಲಿಸಿದರು. ಬೀದಿಯ ಕಡೆ ಒಮ್ಮೆ ಇಣುಕಿ ನೋಡಿ, ದನಿ ತಗ್ಗಿಸಿದರು.

"ನಿಜ ಹೇಳ್ಲೇನಮ್ಮಾ? ಯಾರೂ ಹಿಡೀಲಿಲ್ಲ. ನನ್ನ ಚಡ್ಡಿ ಲಾಡಿ ಕಿತ್ತೋಯ್ತು."

ನಾವು ಮೂವರೂ ಮೆಷಿನ್ನಿನ ಹತ್ತಿರಕ್ಕೆ ಸರಿದೆವು.

"ಮುಟ್ಟಿ ಆಗಿತ್ತು ಕಣಮ್ಮ, ವಾಪಸ್ ಓಡೋದೊಂದೇ ಬಾಕಿ. ಪಟ್ ಅಂತು. ಓಡಿದ್ರೆ ಪಾಯಿಂಟ್ ಬರ್ತಿತ್ತು, ಮಾನ ಹೋಗ್ತಿತ್ತು. ಸುತ್ತ ಹೆಣ್ಮಕ್ಳು ಬೇರೆ ನಿಂತಿದ್ರು. ಎರಡೂ ಕೈಲಿ ಚಡ್ಡಿ ಹಿಡ್ಕಂಡು ಕೂತ್ಬಿಟ್ಟೆ. ಆಮೇಲೆ ಅವರಿಬ್ರೂ ಬಂದು ನನ್ ಮೇಲೆ ಬಿದ್ರು. ಬಿದ್ದಿದ್ದು ಒಳ್ಳೇದೇ ಆಯ್ತು, ಮರೆ ಆಯ್ತು. ಆವತ್ತೇ ತೀರ್ಮಾನ ಮಾಡ್ದೆ, ಯಾವ ಮಗನ ಲಾಡಿಯೂ ಹಿಂಗೆ ಕೈ ಕೊಡಬಾರ್ದು ಅಂತ. ಹೊಲಿಗೆ ಕಲಿತೆ."

ಮೊದಲು ಸಿಂಚನಳ ಭುಜ ಅಲುಗಿತು. ಭೂಮಿಕ ತುಟಿ ಕಚ್ಚಿಕೊಂಡಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬಾರದಿತ್ತು, ನೋಡಿದರು. ಆಮೇಲೆ ಆ ಅಂಗಡಿಯಲ್ಲಿ ಎದ್ದ ನಗೆಯನ್ನು ನಾನು ಬರೆದು ತೋರಿಸಲಾರೆ. ಸಮವಸ್ತ್ರದ ರಾಶಿಯ ಮೇಲೆ ಇಬ್ಬರೂ ಹೊರಳಿದರು. ಗೋವಿಂದಪ್ಪನವರೇ ಕಣ್ಣೊರೆಸಿಕೊಂಡರು. ನಗೆ ಇಳಿದ ಮೇಲೆ ಅವರು ಕೈ ಮುಗಿದು, "ಆದ್ರೆ ಇದನ್ನ ಬರೀಬೇಡ್ರಮ್ಮ. ಈ ಬೀದೀಲಿ ನಾನು ಗಾಳಿ ಗೋವಿಂದ" ಎಂದರು. ವಾಪಸ್ಸು ಬರುವಾಗ ಹುಡುಗಿಯರು ಒಂದೇ ಸೀಟಿನಲ್ಲಿ ಕೂತರು. ನನ್ನನ್ನು ಹಿಂದಕ್ಕೆ ಕಳಿಸಿದರು. ಕಡಲೆಕಾಯಿಯನ್ನೂ ಅವರೇ ಇಟ್ಟುಕೊಂಡರು.

ಇನ್ನು ಪುಟದಲ್ಲಿ ಏನು ಬರೆಯುವುದು? ನಿಜ ಬರೆದರೆ ಗೋವಿಂದಪ್ಪನವರ ಮಾನ, ಬರೆಯದಿದ್ದರೆ ಸುಳ್ಳು. ನನ್ನನ್ನು ಕೇಳಿದರು. ನಾನು ವ್ಯಾಕರಣದ ಪುಸ್ತಕ ತಿರುವುತ್ತ ಕೂತೆ. ಅವರೇ ಇಬ್ಬರೂ ಕೂತು ಯೋಚಿಸಿ ಒಂದು ಸಾಲು ಹೊಸೆದರು: 'ಗೆಲುವಿನ ಅಂಚಿನಲ್ಲಿದ್ದ ರೈಡರ್ ಕಾರಣಾಂತರಗಳಿಂದ ಅಂಕಣದ ಮಧ್ಯೆ ಕುಳಿತರು. ತದನಂತರ ಶ್ರೀ ರುದ್ರಣ್ಣ ಮತ್ತು ಶ್ರೀ ಹನುಮಂತಪ್ಪನವರು ಅವರ ಮೇಲೆ ಬಿದ್ದರು. ಉಲ್ಲೇಖ: ಕಾಲಿನ ಮಾಲೀಕರೊಂದಿಗೆ ಮಾತುಕತೆ, ತರೀಕೆರೆ.' ಆ 'ಕಾರಣಾಂತರಗಳಿಂದ' ಎಂಬ ಪದ ನೋಡಿ ನನ್ನ ಕಣ್ಣು ಒದ್ದೆಯಾಯಿತು. ಕಚೇರಿಯ ಸುತ್ತೋಲೆಗಳಲ್ಲಿ ಹುಟ್ಟಿ ಸುತ್ತೋಲೆಗಳಲ್ಲೇ ಸವೆಯುವ ಪದ. ಒಬ್ಬ ಮನುಷ್ಯನ ಚಡ್ಡಿಯನ್ನು ಅದು ಕಾಪಾಡಿದ್ದನ್ನು ಮೊದಲ ಬಾರಿಗೆ ಕಂಡೆ.

ಅಜ್ಜಂದಿರನ್ನು ಮತ್ತೆ ಕರೆಸಿ ಓದಿಸಿದೆವು. ಮುಖ್ಯೋಪಾಧ್ಯಾಯರು ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಓದಿ ಮುಗಿದ ಮೇಲೆ ಇಬ್ಬರ ಮುಖವೂ ಒಂದೇ ಬಣ್ಣಕ್ಕೆ ತಿರುಗಿತು. ಹಾರ ಕಳೆದುಕೊಂಡ ದುಃಖ ಇಷ್ಟು ವರ್ಷ ಒಬ್ಬರದಾಗಿತ್ತು. ಈಗ ಇಬ್ಬರದೂ ಆಯಿತು.

"ಕೂತ್ಕಂಡ್ನಂತಾ?" ಎಂದರು ಹನುಮಂತಪ್ಪ. "ತಾನೇ ಕೂತ್ಕಳಾಕೆ ಅವ್ನೇನು ಊಟದ ಪಂಕ್ತಿಗೆ ಬಂದಿದ್ನಾ?"

"ಸುಳ್ಳು ಕಣ್ರೀ ಮೇಡಂ!" ಎಂದು ರುದ್ರಣ್ಣ ಎದ್ದರು. "ಲೇ ಹನ್ಮಾ, ನೀನೇ ಹೇಳಲೇ. ನಾನು ಎಡಗಾಲು ಹಿಡಿದಿರ್ಲಿಲ್ವಾ?"

"ಹಿಡಿದಿದ್ದೆ ಕಣೋ ರುದ್ರ. ಅದರಾಗೇನು ಸುಳ್ಳು? ಎಡಗಾಲು ನೀನು, ಬಲಗಾಲು ನಾನು."

"ಮತ್ತೆ! ಇಬ್ರು ಹಿಡಿದಿದ್ನ ಇಲ್ಲ ಅಂತಾನಲ್ಲ ಅವ್ನು!"

"ನಡಿ, ಹೋಗಿ ಕೇಳ್ಕಂಬರಾನ."

ಇಷ್ಟನ್ನು ಅಂದು ಇಬ್ಬರೂ ಒಟ್ಟಿಗೇ ಬಾಗಿಲು ದಾಟಿದರು. ಯಾರು ಮೊದಲು ಹೋದರೋ ನನಗೆ ನೆನಪಿಲ್ಲ, ಅವರಿಗೂ ನೆನಪಿರಲಾರದು. ನಾನೂ ಹುಡುಗಿಯರೂ ಕಿಟಕಿಯಿಂದ ನೋಡಿದೆವು. ಇಬ್ಬರು ಮುದುಕರು ಮೈದಾನದ ನಡುವೆ ನಿಂತು, ಒಬ್ಬರು ಗೋವಿಂದನಾಗಿ, ಇನ್ನೊಬ್ಬರು ಬಗ್ಗಿ ಅವರ ಎಡಗಾಲು ಹಿಡಿದು ತೋರಿಸುತ್ತಿದ್ದರು. ಬಗ್ಗಿದವರಿಗೆ ಏಳಲಾಗಲಿಲ್ಲ. ಗೋವಿಂದನಾಗಿದ್ದವರು ಕೈಕೊಟ್ಟು ಎಬ್ಬಿಸಿದರು. ಭೂಮಿಕ ಮೆಲ್ಲಗೆ ಸಿಂಚನಳ ಹೆಗಲ ಮೇಲೆ ಕೈ ಹಾಕಿದಳು. "ಇವತ್ತು ನಮ್ಮನೆಗೆ ಬತ್ತೀಯೇನೇ?" ಎಂದು ಕೇಳಿದ್ದು ನನಗೆ ಕೇಳಿಸಿತು. ಅಷ್ಟು ವರ್ಷದ ನೌಕರಿಯಲ್ಲಿ ನಾನು ಕೇಳಿದ ಅತ್ಯಂತ ಚೆಂದದ ಪ್ರಶ್ನಾರ್ಥಕ ವಾಕ್ಯ ಅದು.

ತರೀಕೆರೆಗೆ ಜಗಳಕ್ಕೆ ಹೋದವರು ಅಲ್ಲಿ ಊಟ ಮಾಡಿಕೊಂಡು ಬಂದರು. ಗೋವಿಂದಪ್ಪನವರು ಲಾಡಿಯ ಕಥೆಯನ್ನು ಅವರ ಮುಂದೆ ತಾವಾಗಿಯೇ ಹೇಳಿಕೊಂಡರಂತೆ. ನಂಬುವುದಿಲ್ಲ ಎಂದರಂತೆ ಇವರು. ಹಾಗಾದರೆ ನಿಮ್ಮಿಷ್ಟ, ಹಿಡಿದೆ ಅಂತಲೇ ಇಟ್ಟುಕೊಳ್ಳಿ ಎಂದು, ಬರಿಗೈಲಿ ಕಳಿಸಬಾರದೆಂದು ಇಬ್ಬರಿಗೂ ಒಂದೊಂದು ಪಟ್ಟಾಪಟ್ಟಿ ಚಡ್ಡಿ ಹೊಲಿದುಕೊಟ್ಟರಂತೆ, ಜೋಡಿ ಲಾಡಿ ಹಾಕಿ. ಈಗ ಗೋವಿಂದಪ್ಪನವರು ಆ ಕಥೆಯನ್ನು ಅಳತೆ ಕೊಡಲು ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸುತ್ತಾರೆ, ನಾನು ಬರೆಯಲೂ ಅವರ ಅನುಮತಿ ಇದೆ. ಪುಟದಲ್ಲಿ ಮಾತ್ರ ಹುಡುಗಿಯರು 'ಈ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ' ಎಂದು ಸೇರಿಸಿ ಕೈ ತೊಳೆದುಕೊಂಡಿದ್ದಾರೆ. ಟೀ ಅಂಗಡಿಯ ಹೊರಗಿನ ಬೆಂಚಿನಲ್ಲಿ ಇಬ್ಬರು ಅಜ್ಜಂದಿರೂ ಬಸ್ಸಿನಿಂದ ಇಳಿಯುವ ನನಗೆ ಕೈ ಎತ್ತುತ್ತಾರೆ. ನನ್ನ ದಿನ ಚೆನ್ನಾಗಿಯೇ ಶುರುವಾಗುತ್ತದೆ.

ಸುದ್ದಿ ತರೀಕೆರೆಯ ತರಬೇತಿಯ ಹುಡುಗನ ಕಿವಿಗೂ ಬಿತ್ತು. ಮುಂದಿನ ತಂಡದ ಶಿಕ್ಷಕರ ಮುಂದೆ ಬಂದು ಮಾತನಾಡಬೇಕು ಎಂದು ಕರೆದ. ನಾನು ರಜೆಯ ದಿನ ಕೂತು ಭಾಷಣ ಬರೆದೆ. ಅದರಲ್ಲಿ 'ನಾನು' ಎಂಬ ಪದ ಸ್ವಲ್ಪ ಧಾರಾಳವಾಗಿಯೇ ಬಂದಿತ್ತು ಎಂದು ಈಗ ಅನ್ನಿಸುತ್ತದೆ. 'ನನ್ನ ಸತತ ಮಾರ್ಗದರ್ಶನದಲ್ಲಿ', 'ನನ್ನ ಸಮಯಪ್ರಜ್ಞೆಯಿಂದಾಗಿ', 'ಇಬ್ಬರು ಹಿರಿಯರ ನಡುವೆ ನಾನು ರಾಜಿ ಮಾಡಿಸಿದಾಗ' ಹೀಗೆ. ಶಾಲೆಯ ಕಂಪ್ಯೂಟರಿನಲ್ಲಿ ಕೂತು ಅದನ್ನು ವಿಕಿಯ ಒಂದು ಮೂಲೆಯ ಪುಟಕ್ಕೆ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಹಾಗೇ ಎದ್ದು ಓಡಿದೆ. ನನ್ನ ಹೆಸರಿನಿಂದ ಹೊರಬರುವುದನ್ನು ಮರೆತಿದ್ದೆ.

ಮಾರನೆಯ ದಿನ ತೆರೆದು ನೋಡಿದರೆ ಭಾಷಣ ಅರ್ಧಕ್ಕಿಂತ ಕಡಿಮೆಯಾಗಿತ್ತು. ಸಮಯಪ್ರಜ್ಞೆ ಮಾಯವಾಗಿತ್ತು. ಮಾರ್ಗದರ್ಶನಕ್ಕೆ ಉಲ್ಲೇಖ ಕೇಳಿ, ಸಿಗದೆ, ಅಳಿಸಿದ್ದರು. ರಾಜಿಯ ಸಾಲು 'ಇಬ್ಬರು ಹಿರಿಯರು ರಾಜಿಯಾದರು. ಮಿಸ್ ಕಿಟಕಿಯಿಂದ ನೋಡಿದರು' ಎಂದಾಗಿತ್ತು. ನಡುವೆ ಯಾರೋ 'ಮುಖ್ಯೋಪಾಧ್ಯಾಯರ ದೂರದೃಷ್ಟಿಯಿಂದ' ಎಂದು ಸೇರಿಸಿದ್ದರು. ಅದು ಯಾರೆಂದು ನಾನು ಊಹಿಸಬಲ್ಲೆ. ಅದನ್ನೂ ಮಕ್ಕಳು ಬಿಡದೆ ಗೆರೆ ಎಳೆದು ಹೊಡೆದುಹಾಕಿದ್ದರು. ಸಿಟ್ಟು ಬಂತು. ಎರಡು ಸಲ ಓದಿದ ಮೇಲೆ ಸಿಟ್ಟು ಹೋಯಿತು, ಏಕೆಂದರೆ ಉಳಿದದ್ದೆಲ್ಲ ನಿಜವಾಗಿತ್ತು, ಓದಲೂ ಚೆನ್ನಾಗಿತ್ತು. ಯಾರ ಕೈವಾಡ ಎಂದು ಇತಿಹಾಸದ ಗುಂಡಿ ಒತ್ತಿದೆ. ಸಾಲು ಸಾಲಾಗಿ ಒಂದೇ ಹೆಸರು, ನನ್ನದೇ. ನಾನು ತೆರೆದಿಟ್ಟು ಹೋದ ಕಂಪ್ಯೂಟರಿನಲ್ಲಿ ಇಡೀ ತರಗತಿ ನನ್ನ ಹೆಸರಿನಲ್ಲೇ ನನ್ನನ್ನು ಅಳಿಸಿತ್ತು.

ತಿದ್ದಿದ ಭಾಷಣವನ್ನೇ ತರೀಕೆರೆಯಲ್ಲಿ ಓದಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಯಲ್ಲಿ ಆ ಹುಡುಗ ಎದ್ದು, ನಮ್ಮ ವಿಕಿಯ ಪುಟವನ್ನು ಗೋಡೆಯ ಮೇಲೆ ಮೂಡಿಸಿ, ಇತಿಹಾಸದ ಗುಂಡಿ ಒತ್ತಿದ. "ನೋಡಿ, ವಿಕಿ ಅಂದ್ರೆ ಇದು" ಎಂದ, ಗದ್ಗದಿತನಾಗಿ. "ಮೇಡಂ ಮೊದಲು ತಮ್ಮ ಬಗ್ಗೆ ನಾಲ್ಕು ಒಳ್ಳೆ ಮಾತು ಬರ್ಕೊಂಡಿದಾರೆ, ಮನುಷ್ಯಸಹಜ. ಆಮೇಲೆ ಒಂದೊಂದನ್ನೂ ತಾವೇ ಕೂತು ಅಳಿಸಿದಾರೆ. ಇಂಥ ವಿನಯ ನಾನು ಎಲ್ಲೂ ನೋಡಿಲ್ಲ." ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ನಿಜ ಹೇಳಬೇಕೆಂದು ಬಾಯಿ ತೆರೆದೆ. ಚಪ್ಪಾಳೆ ಇನ್ನೂ ಜೋರಾಯಿತು. ಸರಿ, ತಲೆ ತಗ್ಗಿಸಿ, ಕೈ ಮುಗಿದು, ಅದು ಪೂರ್ತಿ ಮುಗಿಯುವವರೆಗೂ ಹಾಗೇ ನಿಂತಿದ್ದೆ.